ಬಕ್ಕೇಶ ಪೈಲ್ವಾನನ ನಡುಮನೆಯ ಸಮರ

ಕೋಟೆಗಳು ಸರ್ಕಾರಿ ಕಚೇರಿಗಳಾಗಿ, ಖಡ್ಗಗಳು ಗಾಜಿನ ಪೆಟ್ಟಿಗೆ ಸೇರಿ, ಚಕ್ರವರ್ತಿಗಳ ಹೆಸರುಗಳು ವೃತ್ತಗಳಿಗೂ ಬಸ್ ನಿಲ್ದಾಣಗಳಿಗೂ ಮಾತ್ರ ಉಳಿದಿರುವ ಈ ಕಳೆಗೆಟ್ಟ ಯುಗದಲ್ಲಿ ವೀರರಸವು ಬತ್ತಿಹೋಯಿತೆಂದು ನಿಟ್ಟುಸಿರಿಡುವ ಸಹೃದಯರೇ, ಕಿವಿಗೊಡಿ. ಎಲೈ ವಾಗ್ದೇವತೆಯೇ, ಯುಗಯುಗಗಳ ಯುದ್ಧವರ್ಣನೆಗಳಿಂದ ದಣಿದಿರುವ ತಾಯೇ, ನಿನಗೆ ಇಂದು ಅಷ್ಟೊಂದು ಶ್ರಮವಿಲ್ಲ. ನಮ್ಮ ಪಕ್ಷದಲ್ಲಿ ಕಾಲಾಳು ಒಬ್ಬನೇ. ರಣರಂಗವು ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಅಗಲ. ಶತ್ರುಸೈನ್ಯದ ಒಟ್ಟು ಎತ್ತರ ಎರಡೂಮುಕ್ಕಾಲು ಅಡಿ. ಆದರೂ ಸೋಮಾರಿತನ ಮಾಡದೆ ಬಂದು ನನ್ನ ನಾಲಗೆಯ ಮೇಲೆ ಕೂಡು. ಏಕೆಂದರೆ ನಾನು ಹೇಳಹೊರಟಿರುವುದು, ದಾವಣಗೆರೆಯ ಬಕ್ಕೇಶ ಪೈಲ್ವಾನನು ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ತನ್ನ ತಂಗಿಯ ಮಗಳನ್ನು ಮನೆಯೊಳಗೇ ಆಡಿಸಿದ ಭೀಷಣ ವೃತ್ತಾಂತವನ್ನು.

ಯಾರೀ ಬಕ್ಕೇಶ? ತೊಂಬತ್ತೆಂಟು ಕಿಲೋ ತೂಕದ, ಆಲದ ಬೊಡ್ಡೆಯಂಥ ಕುತ್ತಿಗೆಯ, ಉಜ್ಜಿ ಉಜ್ಜಿ ಹೂಕೋಸಿನಂತೆ ಮುರುಟಿದ ಕಿವಿಗಳ, ಪ್ರತಿಮಲ್ಲಭುಜಗರ್ವಭಂಜನ, ಗರಡಿಕುಲತಿಲಕ, ಬಾದಾಮಿಕ್ಷೀರಪಾನಧುರಂಧರ! ಹದಿನೆಂಟು ವರ್ಷ ಅಖಾಡದಲ್ಲಿ ಕುಸ್ತಿ ಹಿಡಿದು ಮೂರು ಬೆಳ್ಳಿ ಗದೆಗಳನ್ನು ಗೆದ್ದವನು. ಆ ಹದಿನೆಂಟು ವರ್ಷಗಳಲ್ಲಿ ಆತನ ಬೆನ್ನನ್ನು ಮಣ್ಣು ಒಮ್ಮೆಯೂ ಕಂಡಿರಲಿಲ್ಲ. ಅಂಕಗಳಲ್ಲಿ ಸೋತದ್ದುಂಟು, ಮೊಣಕಾಲು ತಿರುಚಿ ಕಣ ಬಿಟ್ಟದ್ದೂ ಉಂಟು. ಆದರೆ ಚಿತ್ ಆಗಿ, ಎರಡೂ ಭುಜಗಳನ್ನು ನೆಲಕ್ಕೆ ಒಪ್ಪಿಸಿ, ಆಕಾಶವನ್ನು ನೋಡುತ್ತ ಮಲಗಿದ್ದು ಮಾತ್ರ ಇಲ್ಲ. ನಲವತ್ತು ತುಂಬಿದ ಮೇಲೆ ಗರಡಿಯಲ್ಲಿ ಎಳೆಯರಿಗೆ ಪಟ್ಟುಗಳನ್ನು ಕಲಿಸುತ್ತಿದ್ದ ಆತ ಈ ಒಂದು ಸಂಗತಿಯನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಮಕ್ಕಳೆಂದರೆ ಆತನ ಪಾಲಿಗೆ, ಪರರ ಮನೆಯ ತೊಟ್ಟಿಲಲ್ಲಿ ಮಲಗಿರುವ, ಬೆರಳಿನಿಂದ ಕೆನ್ನೆ ಮುಟ್ಟಿ 'ಚಂದ ಐತಿ' ಎಂದು ಹೇಳಿ ಕಾಫಿ ಕುಡಿದು ಬರಬೇಕಾದ ವಸ್ತುಗಳಾಗಿದ್ದವು.

ಇನ್ನು ಎದುರಾಳಿ. ಎರಡು ವರ್ಷ ಮೂರು ತಿಂಗಳ ಪ್ರಾಯದ, ಷೋಡಶದಂತಧಾರಿಣಿ, ದೃಷ್ಟಿಬೊಟ್ಟುಶೋಭಿತಕಪೋಲೆ, ತಾರಸ್ವರರೋದನಪಟು, ನೀಲಾಂಬಿಕೆ ಎಂಬ ನಾಮಧೇಯದ, ಮನೆಯವರ ಬಾಯಲ್ಲಿ ನೀಲು ಎಂದು ಕರೆಸಿಕೊಳ್ಳುವ ಬಾಲೆ. ಆಕೆಯ ಶಬ್ದಭಂಡಾರದಲ್ಲಿ ಸುಮಾರು ನಲವತ್ತು ಮಾತುಗಳಿದ್ದವು. ಅವುಗಳಲ್ಲಿ ಆಕೆ ಅತಿಯಾಗಿ ಬಳಸುತ್ತಿದ್ದುದು 'ಬೇಡ' ಎಂಬುದನ್ನು. ಡಕಾರವು ನಾಲಗೆಗೆ ಒಗ್ಗದ ಕಾರಣ ಅದು 'ಬೇಲ' ಎಂದು ಹೊರಬೀಳುತ್ತಿತ್ತು. ಸಾಮ್ರಾಜ್ಯಗಳ ಶಾಸನಗಳಿಗೂ ಇಲ್ಲದ ತೂಕ ಆ ಎರಡಕ್ಷರಕ್ಕೆ ಆ ಮನೆಯಲ್ಲಿತ್ತು.

ಇವರಿಬ್ಬರ ನಡುವೆ ಯುದ್ಧ ಏಕೆ ಒದಗಿತೆಂದರೆ, ನೀಲಾಂಬಿಕೆಯ ತಾಯಿ ಸರ್ವಮಂಗಳೆ ವಕೀಲಳು. ಆರು ವರ್ಷಗಳಿಂದ ಹಿರಿಯ ವಕೀಲರೊಬ್ಬರ ಕೈಕೆಳಗೆ ಕಡತ ಹೊತ್ತವಳು. ಉಚ್ಚ ನ್ಯಾಯಾಲಯದ ಮುಂದೆ ಇಷ್ಟು ದಿನ ಬಾಯಿ ತೆರೆದದ್ದು ಹಿರಿಯರು, ಪುಟ ತಿರುವಿಕೊಟ್ಟದ್ದು ಈಕೆ. ಆ ಮಂಗಳವಾರ ಮಾತ್ರ ಹಿರಿಯರ ಗಂಟಲು ಪೂರ್ತಿ ಕಟ್ಟಿಹೋಗಿ ಮಾತೇ ಹೊರಡದಾಯಿತು. ಕೇಸೋ ಮುಂದೂಡುವಂಥದ್ದಲ್ಲ. ಜೈನಾಬಿ ಎಂಬ ವಿಧವೆ ಇಪ್ಪತ್ತೆರಡು ವರ್ಷಗಳಿಂದ ನಡೆಸಿಕೊಂಡು ಬಂದ ಮಂಡಕ್ಕಿ ಭಟ್ಟಿಯನ್ನು ಆ ಜಾಗದ ಒಡೆಯ ಮರುದಿನ ಬೆಳಿಗ್ಗೆಯೇ ಕೆಡವಿಸಲಿದ್ದ. ಅಂದು ತಡೆಯಾಜ್ಞೆ ಸಿಗದಿದ್ದರೆ ಭಟ್ಟಿಯೂ ಇಲ್ಲ, ಅದರ ಬೆಂಕಿಯ ಮುಂದೆ ಭತ್ತ ಹುರಿಯುವ ಏಳು ಜನ ಹೆಂಗಸರಿಗೆ ಕೆಲಸವೂ ಇಲ್ಲ. ವಿಚಾರಣೆ ವಿಡಿಯೋದಲ್ಲಿ. ಸರ್ವಮಂಗಳೆ ಮನೆಯ ಮಲಗುವ ಕೋಣೆಯಲ್ಲಿ ಕೂತು ವಾದಿಸಬೇಕು.

ನೀಲುವನ್ನು ದಿನವೂ ನೋಡಿಕೊಳ್ಳುವ ಅತ್ತೆಗೆ ಅಂದೇ ಕಣ್ಣಿನ ಶಸ್ತ್ರಚಿಕಿತ್ಸೆ; ಮಾವ ಅವರೊಂದಿಗೆ ಆಸ್ಪತ್ರೆಯಲ್ಲಿ. ಗಂಡ ಹರಿಹರದಲ್ಲಿ ಬೆಳಗಿನ ಪಾಳಿಯಲ್ಲಿ. ಹೀಗೆ ಸರ್ವದಿಕ್ಕುಗಳಿಂದಲೂ ಸಹಾಯ ಕಡಿದುಹೋದಾಗ ಆಕೆ ತನ್ನ ಅಣ್ಣನಿಗೆ ಫೋನು ಮಾಡಿದಳು.

ಬಂದನು ಬಕ್ಕೇಶ! ಕೈಯಲ್ಲಿ ಆಟಿಕೆ ತುಂಬಿದ ಚೀಲ, ಹೆಗಲ ಮೇಲೆ ಟವೆಲ್ಲು, ಮೋರೆಯ ಮೇಲೆ ಮುಗುಳ್ನಗೆ. ಕರಿಯ ಕೋಟು ತೊಟ್ಟು, ಕೊರಳಿಗೆ ಬಿಳಿಯ ಪಟ್ಟಿ ಕಟ್ಟಿ, ಕೋಟಿನ ಕೆಳಗೆ ಮನೆಯಲ್ಲಿ ಉಡುವ ಹೂವಿನ ನೈಟಿಯಲ್ಲೇ ಇದ್ದ ಸರ್ವಮಂಗಳೆ ಅವನನ್ನು ಬಾಗಿಲಲ್ಲೇ ಹಿಡಿದಳು.

"ಅಣ್ಣಾ, ಎರಡ್ ತಾಸು. ಬರೇ ಎರಡ್ ತಾಸು. ನಂದು ನಲವತ್ತೊಂದನೇ ನಂಬ್ರು, ಯಾವಾಗ ಕರೀತಾರೋ ಗೊತ್ತಿಲ್ಲ. ಕರ್ದಾಗ ಇದು ಬಾಗ್ಲಾ ಬಡೀಬಾರ್ದು, ಅಳಬಾರ್ದು. ಇದರ ಅಳು ಕೇಳಿದ್ರೆ ನಂಗೆ ಮಾತು ಬರಲ್ಲ."

"ಆತು."

"ಮೊಬೈಲು ತೋರಿಸ್ಬ್ಯಾಡ. ವಾಪಸ್ ಕಿತ್ಕಳಾಕೆ ಹೋದ್ರೆ ಓಣಿ ಕೂಡಿಸ್ತಾಳೆ. ಹೊರಗೆ ಒಯ್ಬ್ಯಾಡ, ಬಿಸ್ಲು ಸುಡ್ತೈತಿ. ನಿನ್ನೆ ತಾನೆ ಜ್ವರ ಬಿಟ್ಟೈತಿ."

ಆಗ ವೀರಾಗ್ರಣಿಯು ತೊಡೆಯ ಮೇಲೆ ಕೈಯಿಟ್ಟು, ಮೇಘಗಂಭೀರವಾದ ಧ್ವನಿಯಲ್ಲಿ, 'ಎಲೈ ಸೋದರೀ, ಮದಗಜಗಳನ್ನು ಮಣಿಸಿದ ಈ ತೋಳುಗಳಿಗೆ ಮೊಲದ ಮರಿಯನ್ನು ಕಾಯುವ ಕೆಲಸವೇ? ನಿಶ್ಚಿಂತಳಾಗಿ ನ್ಯಾಯಪೀಠಕ್ಕೆ ಅಭಿಮುಖಳಾಗು' ಎಂಬರ್ಥದ ಮಾತುಗಳನ್ನು ಈ ಕೆಳಗಿನಂತೆ ಆಡಿದನು:

"ಏ ಹೋಗವ್ವಾ ತಾಯಿ! ಕೊಲ್ಲಾಪುರದಿಂದ ಬಂದಿದ್ನಲ್ಲ, ನೂರಾ ಹತ್ತು ಕೆ.ಜಿ. ಇದ್ದ. ಇಪ್ಪತ್ತು ನಿಮಿಷ ಅಳ್ಳಾಡಾಕೆ ಬಿಡ್ಲಿಲ್ಲ ನಾನು. ಇದು ಹನ್ನೊಂದು ಕೆ.ಜಿ. ಕೂಸು. ಎಡಗೈ ಸಾಕು."

"ಹಿಡಿಯೋದಲ್ಲಣ್ಣಾ," ಎಂದಳು ತಂಗಿ. "ಆಡಿಸೋದು."

"ಎರಡಕ್ಕೂ ಏನ್ ವ್ಯತ್ಯಾಸ?"

ಸರ್ವಮಂಗಳೆ ಗಡಿಯಾರ ನೋಡಿ ಒಳಕ್ಕೆ ಓಡಿದಳು. ಕೋಣೆಯ ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಆ ಸದ್ದಿಗೆ ನಡುಮನೆಯ ಮಧ್ಯದಲ್ಲಿ ನಿಂತಿದ್ದ ನೀಲಾಂಬಿಕೆ ಕತ್ತೆತ್ತಿ ಬಾಗಿಲನ್ನು ನೋಡಿದಳು, ಆಮೇಲೆ ಸೋದರಮಾವನನ್ನು ನೋಡಿದಳು. ಕೊಲ್ಲಾಪುರದವನ ಕಣ್ಣುಗಳಲ್ಲೂ ಅಂಥ ನೋಟವಿರಲಿಲ್ಲ.

ಮೊದಲನೆಯ ಕಾಳಗವು ಆಟಿಕೆಗಳಿಂದ ಆರಂಭವಾಯಿತು. ಚೀಲದೊಳಗಿಂದ ರಕ್ತವರ್ಣದ ಟಿಪ್ಪರ್ ಲಾರಿಯನ್ನು ಹೊರತೆಗೆದು ಬಕ್ಕೇಶನು ಅದನ್ನು ನೆಲದ ಮೇಲೆ ಓಡಿಸಿ, ಬಾಯಲ್ಲಿ ಎಂಜಿನ್ನಿನ ಸದ್ದು ಮಾಡಿದನು. ನೀಲು ಲಾರಿಯ ಒಂದು ಚಕ್ರವನ್ನು ಮುಟ್ಟಿ, "ಬೇಲ" ಎಂದಳು. ಮೆತ್ತನೆಯ ಚೆಂಡು ಬಂದಿತು. "ಬೇಲ." ಒತ್ತಿದರೆ ಕಿಚ್ಚೆನ್ನುವ ಬಾತುಕೋಳಿ ಬಂದಿತು. ಅದನ್ನು ಒಂದು ಸಲ ಒತ್ತಿ, ಅದರ ಕೂಗಿನಿಂದ ಅವಮಾನಿತಳಾದವಳಂತೆ ದಿವಾನದ ಕೆಳಕ್ಕೆ ಎಸೆದಳು. ಪೇಟೆಯ ದೊಡ್ಡ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತು ಆರಿಸಿ ತಂದ ಆ ಇಡೀ ಆಯುಧಾಗಾರವು ನಾಲ್ಕೇ ನಿಮಿಷಗಳಲ್ಲಿ ಬರಿದಾಯಿತು. ಆಗ ಆಕೆಯ ಕಣ್ಣು ಆಟಿಕೆ ಬಂದಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಬಿದ್ದಿತು. ಪರಮಾನಂದದಿಂದ ಅದನ್ನು ತಲೆಗೆ ತೊಟ್ಟುಕೊಳ್ಳಲು ಹೋದಳು. ಉಸಿರುಗಟ್ಟೀತೆಂಬ ಭಯದಿಂದ ಬಕ್ಕೇಶನು ಮಿಂಚಿನಂತೆ ಕಿತ್ತುಕೊಂಡನು.

ಆಗ ಕಾಣಿಸಿತು, ಸಹೃದಯರೇ, ಆ ತುಟಿ! ನೀಲಾಂಬಿಕೆಯ ಕೆಳದುಟಿಯು ಮೆಲ್ಲಮೆಲ್ಲನೆ ಮುಂದಕ್ಕೆ ಬಂದಿತು, ಪ್ರಳಯಕ್ಕೆ ಮುಂಚಿತವಾಗಿ ಸಮುದ್ರವು ದಡದ ಕಡೆಗೆ ಉಬ್ಬುವಂತೆ. ಗಲ್ಲವು ಸುಕ್ಕುಗಟ್ಟಿತು. ಮೂಗಿನ ಹೊಳ್ಳೆಗಳು ಅರಳಿದವು. ಏನು ಮಾಡಬೇಕೆಂದು ತೋಚದೆ, ಕಣದಲ್ಲಿ ಮಾಡಿ ರೂಢಿಯಾಗಿದ್ದುದನ್ನೇ ಬಕ್ಕೇಶನು ಮಾಡಿದನು, ತೊಡೆ ತಟ್ಟಿದನು. ಫಟ್! ಗೋಡೆಯ ಮೇಲಿನ ಕ್ಯಾಲೆಂಡರು ಅಲುಗಾಡಿತು. ತುಟಿ ಒಳಗೆ ಹೋಯಿತು. ನೀಲು ತನ್ನ ಪುಟ್ಟ ತೊಡೆಯನ್ನು ತಟ್ಟಿ ನಕ್ಕಳು. ಫಟ್, ಫಟ್, ಫಟ್!

"ಅಣ್ಣಾ!" ಕೋಣೆಯೊಳಗಿಂದ ಪಿಸುಮಾತಿನ ಕೂಗು ಬಂದಿತು. "ಏನದು ಸದ್ದು?"

"ಏನಿಲ್ಲವ್ವಾ! ಕೈ ಒರೆಸ್ಕಂಡೆ!"

ಹೀಗೆ ಫಲಿಸಿದ ಮೊದಲ ಆಯುಧವು ದೊರೆತ ಕ್ಷಣದಲ್ಲೇ ನಿಷಿದ್ಧವಾಯಿತು.

ಎರಡನೆಯ ಕಾಳಗದಲ್ಲಿ ಆತನು ಗಜವಾದನು. "ಆನೆ ಬಂತು ನೋಡು" ಎಂದು ಮಂಡಿಯೂರಿ ಬಾಗಿದ್ದೇ ತಡ, ಆಕೆ ಬೆನ್ನೇರಿದಳು. ಲಗಾಮಿಗೆಂದು ಮುರುಟಿದ ಎರಡು ಕಿವಿಗಳನ್ನು ಹಿಡಿದುಕೊಂಡಳು. ಅಖಾಡದ ಸಹಸ್ರ ಘರ್ಷಣೆಗಳಲ್ಲಿ ಅರಿವು ಕಳೆದುಕೊಂಡಿದ್ದ ಆ ಕಿವಿಗಳಿಗೆ ಅಂದು ಹೊಸದಾಗಿ ನೋವು ಪರಿಚಯವಾಯಿತು. ದಿವಾನಕ್ಕೆ ಒಂದು ಸುತ್ತು, ಊಟದ ಮೇಜಿನ ಕೆಳಗೆ ತೂರಿ, ಫ್ರಿಜ್ಜನ್ನು ಬಳಸಿ, ಮತ್ತೆ ದಿವಾನಕ್ಕೆ. ಏಳನೆಯ ಸುತ್ತಿನಲ್ಲಿ ಹಳೆಯ ಮೊಣಕಾಲು 'ಕಟ್' ಎಂದಿತು. ಹದಿನೈದನೆಯ ಸುತ್ತಿನಲ್ಲಿ ಮೇಜಿನ ಅಂಚು ತಲೆಗೆ ಬಡಿಯಿತು. ಇಪ್ಪತ್ತನೆಯದರಲ್ಲಿ ಗಜರಾಜನು ನಿಂತು ಏದುಸಿರು ಬಿಡುತ್ತ, "ಆನೆಗೆ ಸುಸ್ತಾತು ಚಿನ್ನಿ. ಆನೆ ಕೂಡ್ತೈತಿ" ಎಂದನು.

"ಆನೆ ಊತ," ಎಂದಳು ನೀಲು.

ದಯಾಮಯಿಯಾದ ಆಕೆ ಕೆಳಗಿಳಿದು, ಆನೆಗೆ ಊಟವೆಂದು ಚಿತ್ರ ಬಳಿಯುವ ಹಸಿರು ಮೇಣದ ಕಡ್ಡಿಯೊಂದನ್ನು ತಂದು ಬಾಯಿಗೆ ಹಿಡಿದಳು. ಬಕ್ಕೇಶನು ತಿಂದಂತೆ ನಟಿಸಿ ಅದನ್ನು ಕೈಯೊಳಗೆ ಮರೆಮಾಡಿದನು. ಆಕೆ ಆತನ ಬಾಯಿಯನ್ನು ಎರಡೂ ಕೈಗಳಿಂದ ಅಗಲಿಸಿ, ಒಳಗೆ ಪರೀಕ್ಷಿಸಿ, ಏನೂ ಇಲ್ಲದ್ದನ್ನು ಕಂಡುಕೊಂಡಳು. ತುಟಿ ಮತ್ತೆ ಮುಂದೆ ಬರತೊಡಗಿತು. ಬಾದಾಮಿಯನ್ನೂ ಬೆಣ್ಣೆಯನ್ನೂ ಕಂಡಿದ್ದ ಆ ಘನವಾದ ದವಡೆಗಳು ಹಸಿರು ಮೇಣವನ್ನು ಅಗಿದು ನುಂಗಿದವು. ರುಚಿಯ ವಿಷಯದಲ್ಲಿ ಆತನು ಮುಂದೆ ಎಂದೂ ಯಾರ ಬಳಿಯೂ ಮಾತಾಡಲಿಲ್ಲ.

ಗಡಿಯಾರ ನೋಡಿದನು. ಹನ್ನೊಂದು ಗಂಟೆ ಐದು ನಿಮಿಷ. ಕೊಲ್ಲಾಪುರದವನೊಡನೆ ಹಿಡಿದ ಕುಸ್ತಿ ಇಷ್ಟರಲ್ಲಿ ಮುಗಿದು, ಸನ್ಮಾನವೂ ಮುಗಿದು, ಹಾರವನ್ನು ತೆಗೆದು ಗದೆಗೆ ಹಾಕಿ ಮನೆಗೆ ಬಂದಿದ್ದನು.

ಕಣ್ಣಾಮುಚ್ಚಾಲೆಯು ಮೂರನೆಯ ಕಾಳಗ. ಇದರಲ್ಲಿ ತನಗೆ ದಣಿವಾರಿಸಿಕೊಳ್ಳಲು ಅವಕಾಶ ಸಿಗುವುದೆಂಬ ದುರಾಸೆಯಿಂದ ಬಕ್ಕೇಶನು ಕಿಟಕಿಯ ಪರದೆಯ ಹಿಂದೆ ಹೋಗಿ ನಿಂತನು. ಪರದೆಯು ಆತನ ನಡುಭಾಗವನ್ನು ಮಾತ್ರ ಮುಚ್ಚಲು ಸಮರ್ಥವಾಗಿತ್ತು. ನೀಲು ಹುಡುಕಲಿಲ್ಲ. ಒಂದು ನಿಮಿಷ ಕಳೆಯಿತು. ಎರಡು. ಎಂಥ ಶಾಂತಿ! ಮೂರನೆಯ ನಿಮಿಷಕ್ಕೆ, ಮಗು ಆಡಿಸುವುದೆಂದರೆ ಇಷ್ಟೇ ತಾನೆ, ಹೆಂಗಸರು ಸುಮ್ಮನೆ ದೊಡ್ಡದು ಮಾಡುತ್ತಾರೆ ಎಂಬ ಆಲೋಚನೆಯು ಆತನ ತಲೆಯಲ್ಲಿ ಮೂಡಿತು. ಪರದೆಯನ್ನು ಸರಿಸಿ ಇಣುಕಿದನು.

ನೀಲಾಂಬಿಕೆಯು ಕೋಣೆಯ ಬಾಗಿಲ ಮುಂದೆ ನಿಂತಿದ್ದಳು. ಬಲಗೈಯಲ್ಲಿ ಸ್ಟೀಲ್ ಲೋಟ. ಲೋಟ ಹಿಡಿದ ಕೈ ತಲೆಯ ಮೇಲಕ್ಕೆ ಎದ್ದಿತ್ತು.

ತೊಂಬತ್ತೆಂಟು ಕಿಲೋ ದೇಹವು ಮೂರು ಹೆಜ್ಜೆಗಳಲ್ಲಿ, ಬೆಕ್ಕಿನ ಪಾದವೂ ನಾಚುವಂತೆ, ಒಂದಿಷ್ಟೂ ಸದ್ದಿಲ್ಲದೆ ನಡುಮನೆಯನ್ನು ದಾಟಿತು. ಲೋಟವು ಬಾಗಿಲಿಗೆ ನಾಲ್ಕು ಬೆರಳು ದೂರವಿದ್ದಾಗ ಆತನ ಅಂಗೈ ನಡುವೆ ಬಂದಿತು. ಹೊಡೆತ ಬೆರಳ ಗೆಣ್ಣಿಗೆ ಬಿತ್ತು. ಕೂಗಲಿಲ್ಲ, ಕಣ್ಣಲ್ಲಿ ನೀರು ಮಾತ್ರ ತುಂಬಿಕೊಂಡನು.

"ಅಮ್ಮ," ಎಂದಳು ನೀಲು.

"ಅಮ್ಮ ಕೆಲಸ ಮಾಡ್ತೈತಿ ಪುಟ್ಟಾ."

"ಅಮ್ಮ ಬೇಕು."

ಆ ಕ್ಷಣದಲ್ಲಿ ಬಾಗಿಲ ಆಚೆಯಿಂದ ಸರ್ವಮಂಗಳೆಯ ದನಿ ಕೇಳಿಸಿತು. ಕರೆ ಇನ್ನೂ ಬಂದಿರಲಿಲ್ಲ. ತನ್ನ ವಾದವನ್ನು ತನಗೇ ಒಪ್ಪಿಸಿಕೊಳ್ಳುತ್ತಿದ್ದಳು. ಇಂಗ್ಲಿಷಾದ್ದರಿಂದ ಬಕ್ಕೇಶನಿಗೆ ತಿಳಿಯಲಿಲ್ಲ. ಆದರೆ ದನಿಯ ನಡುಕ ತಿಳಿಯಿತು. ಮೊದಲ ಕುಸ್ತಿಗೆ ಇಳಿಯುವ ಹುಡುಗರು ಮೈಗೆ ಕೆಮ್ಮಣ್ಣು ಹಚ್ಚಿಕೊಳ್ಳುವಾಗ ಅವರ ಕೈಗಳಲ್ಲಿರುವ ನಡುಕ ಅದು. ಒಂದೇ ವಾಕ್ಯವನ್ನು ಆಕೆ ಮೂರು ಸಲ ಹೇಳಿದಳು, ಮೂರು ಸಲವೂ ಒಂದೇ ಜಾಗದಲ್ಲಿ ಎಡವಿದಳು. ಶಾಲೆಯ ದಿನಗಳಲ್ಲಿ ಈಕೆ ಭಾಷಣ ಸ್ಪರ್ಧೆಗೆಂದು ಕನ್ನಡಿಯ ಮುಂದೆ ನಿಂತು ಮಾತಾಡುತ್ತಿದ್ದಾಗ ತಾನು ಹಿಂದಿನಿಂದ ಹೋಗಿ ಅಣಕಿಸುತ್ತಿದ್ದುದು ಬಕ್ಕೇಶನಿಗೆ ನೆನಪಾಯಿತು. ಹದಿನೆಂಟು ವರ್ಷಗಳ ಅಖಾಡದಲ್ಲಿ ಎಂದೂ ಎದುರಾಗದ ಒಂದು ಸಂಗತಿ ಆತನಿಗೆ ಅಂದು ಎದುರಾಯಿತು. ಅದಕ್ಕೆ ಭಯವೆಂದು ಹೆಸರು.

ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದನು.

ಅಲ್ಲಿ ಒಲೆಕಟ್ಟೆಯ ಪಕ್ಕದಲ್ಲಿ, ಹಿಂದಿನ ದಿನ ಜೈನಾಬಿ ಕೂಸಿಗೆಂದು ಕೊಟ್ಟುಹೋಗಿದ್ದ ಮಂಡಕ್ಕಿಯ ಚೀಲವು ಆತನ ಸೊಂಟದೆತ್ತರಕ್ಕೆ ನಿಂತಿತ್ತು. ಬಿಳಿಯದು, ಹಗುರವಾದದ್ದು, ಭಟ್ಟಿಯ ಬೆಂಕಿಯಿಂದ ಹಿಂದಿನ ದಿನ ತಾನೆ ಅರಳಿ ಬಂದದ್ದು. ಎಲ್ಲಕ್ಕಿಂತ ಮಿಗಿಲಾಗಿ, ಕೆಳಗೆ ಬಿದ್ದರೆ ಸದ್ದು ಮಾಡದ್ದು! ಮಹಾಸೇನಾನಿಗಳಿಗೆ ಯುದ್ಧದ ಬಿರುಸಿನಲ್ಲಿ ಒಮ್ಮೊಮ್ಮೆ ಹೊಳೆಯುವಂಥ ದಿವ್ಯೋಪಾಯವು ಬಕ್ಕೇಶನಿಗೆ ಹೊಳೆಯಿತು. ದಿವಾನದ ಮೇಲಿನ ಹಾಸನ್ನು ಎಳೆದು ನಡುಮನೆಯಲ್ಲಿ ಹರಡಿ, ಅದರ ಮೇಲೆ ಚೀಲವನ್ನು ಬೋರಲು ಹಾಕಿದನು.

ಕ್ಷೀರಸಾಗರವೇ ದಾವಣಗೆರೆಯ ಆ ಬಾಡಿಗೆ ಮನೆಗೆ ಇಳಿದು ಬಂದಂತಾಯಿತು. ನೀಲಾಂಬಿಕೆಯು ಉಸಿರು ಬಿಡುವುದನ್ನು ಮರೆತಳು. ಮೆಲ್ಲನೆ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ಸೊಂಟದವರೆಗೆ ಮುಳುಗಿ ಕೂತಳು. ಲೋಟದಲ್ಲಿ ತುಂಬಿದಳು, ಸುರಿದಳು. ತುಂಬಿದಳು, ಸುರಿದಳು. ಮಾವನ ಪಾದಗಳನ್ನು ಹೂತಳು. ಮಾವನು ಬೆರಳು ಅಲುಗಿಸಿ ಪಾದಗಳನ್ನು ಹೊರತೆಗೆದಾಗ ಮುಖವರಳಿಸಿ ಮತ್ತೆ ಹೂತಳು. ಒಂದು ಹಿಡಿ ತಿಂದಳು, ಒಂದು ಹಿಡಿ ತಿನ್ನಿಸಿದಳು. ಬಕ್ಕೇಶನು "ಇದು ಬೆಟ್ಟ" ಎಂದು ಗುಡ್ಡೆ ಮಾಡಿದರೆ ಕೆಡವಿದಳು. "ಇದು ಕೆರೆ" ಎಂದು ಗುಂಡಿ ತೋಡಿದರೆ ಅದರಲ್ಲಿ ತಾನೇ ಕೂತಳು. ಹನ್ನೊಂದೂಮುಕ್ಕಾಲಾಯಿತು, ಹನ್ನೆರಡಾಯಿತು, ಹನ್ನೆರಡೂಕಾಲಾಯಿತು. ನಡುವೆ ಒಂದು ಸಲ ಆಕೆ ಒಂದು ಮಂಡಕ್ಕಿಯನ್ನು ಎಡಮೂಗಿನ ಹೊಳ್ಳೆಗೆ ಏರಿಸಿದಳು. ಬಕ್ಕೇಶನ ರಕ್ತವು ಹೆಪ್ಪುಗಟ್ಟಿತು. ಆತನು ಏನಾದರೂ ಮಾಡುವಷ್ಟರಲ್ಲಿ ಆಕೆ ಸೀನಿದಳು. ಆ ಕಾಳು ಬಾಣದಂತೆ ಬಂದು ಆತನ ಹುಬ್ಬಿಗೆ ಅಂಟಿತು. ಅದೃಷ್ಟವೂ ಧೀರರ ಪಕ್ಷಪಾತಿಯೇ ಇರಬೇಕು ಎಂದುಕೊಂಡು ಆತನು ಹುಬ್ಬನ್ನು ಒರೆಸಿಕೊಂಡನು.

ಹನ್ನೆರಡು ನಲವತ್ತಕ್ಕೆ ಕೋಣೆಯೊಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಸರ್ವಮಂಗಳೆಯ ದನಿ, ಈ ಸಲ ಗಟ್ಟಿಯಾಗಿ, ಬಾಗಿಲು ದಾಟಿ ಸ್ಪಷ್ಟವಾಗಿ ಬಂದಿತು. ನಲವತ್ತೊಂದನೆಯ ನಂಬರನ್ನು ಕರೆದಿದ್ದರು.

ಬಕ್ಕೇಶನು ಕಿವಿಗೊಟ್ಟನು. ಆದರೆ ಆ ದನಿಗೆ ಕಿವಿಗೊಟ್ಟವರು ಇನ್ನೊಬ್ಬರೂ ಇದ್ದರು.

"ಅಮ್ಮ!" ನೀಲುವಿನ ಕೈಯಿಂದ ಲೋಟ ಜಾರಿ ಮಂಡಕ್ಕಿಯೊಳಗೆ ಬಿತ್ತು. ಆಕೆ ಎದ್ದು ನಿಂತಳು. ಬಾಗಿಲ ಕಡೆಗೆ ತಿರುಗಿದಳು. ಅಮ್ಮ ಒಳಗಿದ್ದಾಳೆ, ಮಾತಾಡುತ್ತಿದ್ದಾಳೆ, ಆದರೆ ತನ್ನೊಡನೆ ಅಲ್ಲ ಎಂಬ ಘೋರ ಸತ್ಯವು ಆ ಪುಟ್ಟ ಮುಖದ ಮೇಲೆ ಮೂಡುತ್ತಿರುವುದನ್ನು ಬಕ್ಕೇಶನು ಕಂಡನು. ಕೆಳದುಟಿ ಮುಂದೆ ಬಂದಿತು. ಗಲ್ಲ ಸುಕ್ಕಾಯಿತು. ಹೊಳ್ಳೆಗಳು ಅರಳಿದವು. ಎದೆಯು ಗಾಳಿ ತುಂಬಿಕೊಳ್ಳತೊಡಗಿತು. ಅದು ಮೂರು ಮನೆಗಳಾಚೆಗೆ ಕೇಳಿಸುವ ರೋದನಕ್ಕೆ ಬೇಕಾದಷ್ಟು ಗಾಳಿ.

ಆಕೆಯನ್ನು ಹಿಡಿಯಲು ಮುಂದಕ್ಕೆ ನೆಗೆದನು ಬಕ್ಕೇಶ. ಮಂಡಕ್ಕಿಯ ಮೇಲೆ ಕಾಲು ಜಾರಿತು. ಹಾಸು ಮುಂದಕ್ಕೆ, ಆತನು ಹಿಂದಕ್ಕೆ. ಎರಡೂ ಪಾದಗಳು ಗಾಳಿಯಲ್ಲಿ ಮೇಲೆದ್ದವು. ಆ ಅರ್ಧ ಕ್ಷಣದಲ್ಲಿ ಆತನು ಯೋಚಿಸಿದ್ದು ತನ್ನ ಬೆನ್ನನ್ನಲ್ಲ, ಸೊಂಟವನ್ನಲ್ಲ. ಬೀಳುವಾಗ ಆಗುವ ಸದ್ದನ್ನು. ಗರಡಿಯಲ್ಲಿ ಎಳೆಯರಿಗೆ ದಿನವೂ ಕಲಿಸುವ, ತನಗೆ ಎಂದೂ ಬೇಕಾಗದಿದ್ದ ವಿದ್ಯೆಯೊಂದಿತ್ತು: ಅಂಗೈ ಮೊದಲು, ಆಮೇಲೆ ತೋಳು, ಆಮೇಲೆ ಸೊಂಟ, ಆಮೇಲೆ ಭುಜ, ನೀರಿನಂತೆ ಹರಿದು ಬೀಳು. ತೊಂಬತ್ತೆಂಟು ಕಿಲೋ ಮಲ್ಲಪರ್ವತವು 'ಸುಸ್' ಎಂಬ ಒಂದೇ ಒಂದು ನಿಟ್ಟುಸಿರಿನೊಂದಿಗೆ ಮಂಡಕ್ಕಿಯ ರಾಶಿಯ ಮೇಲೆ ಒರಗಿತು. ಬಿಳಿಯ ಕಾಳುಗಳು ಹಾರಿ ಮೆಲ್ಲನೆ ಆತನ ಮುಖದ ಮೇಲೆ ಉದುರಿದವು.

ಎರಡೂ ಭುಜಗಳು ನೆಲಕ್ಕೆ ತಾಗಿದ್ದವು. ಬಕ್ಕೇಶ ಪೈಲ್ವಾನನು ಚಿತ್ ಆಗಿದ್ದನು.

ನೀಲಾಂಬಿಕೆ ತುಂಬಿಕೊಂಡ ಗಾಳಿಯನ್ನು ಹಾಗೇ ಹಿಡಿದು ನಿಂತು ಆತನನ್ನು ನೋಡಿದಳು. ತುಟಿ ಅರ್ಧ ದಾರಿಯಲ್ಲಿ ನಿಂತಿತು. ಅನಂತರ ಒಳಗೆ ಹೋಯಿತು. "ಮಾಮ ಬಿತ್ತು," ಎಂದಳು ಬೆರಗಿನಿಂದ.

ಬಕ್ಕೇಶನು ತುಟಿಯ ಮೇಲೆ ಬೆರಳಿಟ್ಟು ಶ್ ಎಂದನು. ಆಕೆಯೂ ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡು ಶ್ ಎಂದಳು. ಆಮೇಲೆ ಪಿಸುಮಾತಿನಲ್ಲಿ, "ಇನ್ನೊಂಚಲ."

ಬಕ್ಕೇಶನು ಎದ್ದು ನಿಂತನು. ಜಾರಿ ಬಿದ್ದದ್ದು ಅಪಘಾತ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಆದರೆ ತಾನಾಗಿ ಬೀಳುವುದು? ಮೂರು ಬೆಳ್ಳಿ ಗದೆಗಳು, ಗರಡಿಯ ಗೋಡೆಯ ಮೇಲಿನ ಫೋಟೋ, ದಿನವೂ ಊಟಕ್ಕೆ ಮೊದಲು ಹೇಳುವ ಆ ಮಾತು, ಇವೆಲ್ಲ ಆತನ ಕಣ್ಣ ಮುಂದೆ ಬಂದು ನಿಂತವು. ಬಾಗಿಲಾಚೆಯಿಂದ ತಂಗಿಯ ದನಿ ಬರುತ್ತಿತ್ತು. ಬೆಳಿಗ್ಗೆ ಮೂರು ಸಲ ಎಡವಿದ ಅದೇ ವಾಕ್ಯವನ್ನು ಆಕೆ ಹೇಳುತ್ತಿದ್ದಳು. ಬಕ್ಕೇಶನು ಉಸಿರು ಬಿಗಿಹಿಡಿದನು. ಆಕೆ ಎಡವಲಿಲ್ಲ.

"ಮಾಮ. ಬೀಲು," ಎಂದಿತು ಎರಡೂಮುಕ್ಕಾಲು ಅಡಿಯ ಸೈನ್ಯ. ತುಟಿ ಸಜ್ಜಾಗುತ್ತಿತ್ತು.

ಪ್ರತಿಮಲ್ಲಭುಜಗರ್ವಭಂಜನನು ಕಿಟಕಿಯತ್ತ ನೋಡಿದನು. ಓಣಿಯಲ್ಲಿ ಯಾರೂ ಇರಲಿಲ್ಲ. ಬಿದ್ದನು.

ಆಕೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿ, ಸದ್ದಿಲ್ಲದೆ ನಕ್ಕಳು. "ಇನ್ನೊಂಚಲ." ಬಿದ್ದನು. ಆಕೆ ಹೊಸದೊಂದು ನಿಯಮ ತಂದಳು. ತಾನು ಮುಟ್ಟಿದ ಮೇಲೆಯೇ ಬೀಳಬೇಕು. ಕಿರುಬೆರಳಿಂದ ಮೊಣಕಾಲು ಮುಟ್ಟಿದಳು, ಕೊಲ್ಲಾಪುರದ ನೂರಾ ಹತ್ತು ಕಿಲೋ ಅಲುಗಿಸಲಾರದೆ ಹೋದ ಕಂಬವು ಉರುಳಿತು. ಎಡಕ್ಕೆ ಬಿದ್ದನು, ಬಲಕ್ಕೆ ಬಿದ್ದನು, ತಿರುಗಿ ತಿರುಗಿ ಬಿದ್ದನು. ಒಂದು ಸಲ "ಅಯ್ಯೋ, ಸೋತೆ ತಾಯೀ" ಎಂದು ಪಿಸುಗುಟ್ಟಿ ಬಿದ್ದನು, ಅದು ಆಕೆಗೆ ಬಹಳ ಹಿಡಿಸಿತು. ಪ್ರತಿ ಸಲವೂ ಮಂಡಕ್ಕಿಯಲ್ಲಿ 'ಸುಸ್' ಎಂಬ ಸದ್ದು ಮಾತ್ರ. ಇತಿಹಾಸಕಾರರಿಗಾಗಿ ಲೆಕ್ಕವನ್ನು ಇಲ್ಲಿ ದಾಖಲಿಸುತ್ತೇನೆ: ಒಟ್ಟು ಹನ್ನೊಂದು ಸಲ. ಹನ್ನೊಂದನೆಯ ಸಲ ಬಿದ್ದಾಗ ನೀಲಾಂಬಿಕೆಯು ಆತನ ಎದೆಯ ಮೇಲೆ ಹತ್ತಿ ಕೂತಳು, ಅನಂತರ ಒರಗಿದಳು, ಅನಂತರ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಳು. ಆಕೆಯ ಬಿಸಿಯುಸಿರು ಕುತ್ತಿಗೆಗೆ ತಾಗುತ್ತಿತ್ತು. ಕೂದಲಿಗೆ ಅಂಟಿದ್ದ ಒಂದು ಮಂಡಕ್ಕಿಯನ್ನು ಬಕ್ಕೇಶನು ಎರಡು ಬೆರಳಿಂದ ತೆಗೆದನು. ಹನ್ನೊಂದು ಕಿಲೋ ಎಂದರೆ ಎಷ್ಟೆಂಬುದು ಆತನಿಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಏಳಲು ಆಗಲಿಲ್ಲ. ಏಳಬೇಕೆಂದೂ ಅನಿಸಲಿಲ್ಲ. ಕಣ್ಣು ಮುಚ್ಚಿಕೊಂಡನು.

ಚಿಲಕ ತೆಗೆದ ಸದ್ದಾಯಿತು. ಕರಿಯ ಕೋಟು, ಹೂವಿನ ನೈಟಿ, ಕೆಂಪಾದ ಕಣ್ಣುಗಳು. ಸರ್ವಮಂಗಳೆ ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ಸಿಕ್ತು! ತಡೆ ಕೊಟ್ರು! ಎರಡೇ ಪ್ರಶ್ನೆ ಕೇಳಿದ್ರಣ್ಣಾ, ಎರಡಕ್ಕೂ ಹೇಳಿದೆ. ಮುಂದಿನ ತಾರೀಕಿನ ತನಕ ಭಟ್ಟಿ ಮುಟ್ಟಂಗಿಲ್ಲ ಅಂದ್ರು."

ಬಕ್ಕೇಶನು ಮಲಗಿದಲ್ಲಿಂದಲೇ ಒಂದು ಕೈ ಎತ್ತಿ ಹೆಬ್ಬೆರಳು ತೋರಿಸಿದನು.

ಸರ್ವಮಂಗಳೆ ಜೈನಾಬಿಗೆ ಫೋನು ಮಾಡಿದಳು. ಆ ಕಡೆ ಏಳೆಂಟು ಜನ ಹೆಂಗಸರು ಒಟ್ಟಿಗೆ ಕೂಗಿದ್ದು ಫೋನಿನಿಂದ ಹೊರಗೂ ಕೇಳಿಸಿತು. ಮಗು ಅಲುಗಾಡಿತು. ಅಣ್ಣತಂಗಿಯರಿಬ್ಬರೂ ಕಲ್ಲಾದರು. ಮಗು ಮತ್ತೆ ನಿದ್ದೆಗಿಳಿಯಿತು. ತಂಗಿ ಆಕೆಯನ್ನು ಮೆಲ್ಲನೆ ಎತ್ತಿ ದಿವಾನದ ಮೇಲೆ ಮಲಗಿಸಿದಳು.

"ಸದ್ದು ಬರ್ಲಿಲ್ಲ ತಾನೆ?" ಎಂದು ಬಕ್ಕೇಶನು ಪಿಸುಗುಟ್ಟಿದನು. "ಎರಡ್ ತಾಸಿಂದ ಉಸಿರು ಬಿಟ್ಟಿಲ್ಲ ನಾನು."

"ಅದೇನಾಗ್ತಿರ್ಲಿಲ್ಲ ಬಿಡಣ್ಣಾ. ನಂಬ್ರು ಕರಿಯೋತನಕ ನನ್ ಮೈಕು ಬಂದ್ ಇತ್ತು. ಮಾತಾಡಿದ್ದು ಎರಡ್ಮೂರು ನಿಮಿಷ. ಮೊದ್ಲೆಲ್ಲ ನೀವು ಡೊಳ್ಳು ಬಡಿದ್ರೂ ಕೋರ್ಟಿಗೆ ಕೇಳ್ತಿರ್ಲಿಲ್ಲ."

ಬಕ್ಕೇಶನ ಬಾಯಿ ತೆರೆಯಿತು. ಹಲ್ಲುಗಳ ಮೇಲೆ ಇನ್ನೂ ಹಸಿರು ಇತ್ತು.

ಸರ್ವಮಂಗಳೆ ಆಗ ನಡುಮನೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ದಿವಾನದ ಕೆಳಗೆ, ಫ್ರಿಜ್ಜಿನ ಹಿಂದೆ, ಮೇಜಿನ ಮೇಲೆ, ಪರದೆಯ ಮಡಿಕೆಗಳಲ್ಲಿ, ಎಲ್ಲೆಲ್ಲೂ ಮಂಡಕ್ಕಿ. "ಅಯ್ಯ ಶಿವನೇ, ಇಷ್ಟೂ ಚೆಲ್ಲಿಬಿಟ್ಟೈತಾ? ನೀ ನೋಡ್ತಿರ್ಲಿಲ್ಲೇನಣ್ಣಾ? ಅತ್ತೆ ಬರೋ ಹೊತ್ತಾತು. ಪೊರಕೆ ಅಲ್ಲೈತಿ ನೋಡು, ಒಂಚೂರು ಗುಡಿಸು. ನಾನು ನಮ್ಮನೆಯೋರಿಗೆ ಫೋನ್ ಮಾಡಿ ಹೇಳ್ತೀನಿ."

ಗರಡಿಕುಲತಿಲಕನು ಪೊರಕೆ ಹಿಡಿದು, ಮೊಣಕಾಲು 'ಕಟ್' ಎನ್ನುತ್ತಿದ್ದಂತೆ ಬಾಗಿ, ಊಟದ ಮೇಜಿನ ಕೆಳಕ್ಕೆ ತೂರಿದನು. ಅಲ್ಲಿಂದ ತಂಗಿಯ ಮಾತು ಕೇಳಿಸುತ್ತಿತ್ತು. ತಡೆಯಾಜ್ಞೆಯ ವಿಷಯ ಗಂಡನಿಗೆ ಎರಡು ಸಲ ಹೇಳಿದಳು, ನಡುವೆ ನಕ್ಕಳು, ಒಂದು ಸಲ ಮೂಗು ಎಳೆದಳು. ಆ ಕಡೆಯಿಂದ ಅವನು ಮಗುವಿನ ಬಗ್ಗೆ ಕೇಳಿದನೆಂದು ತೋರುತ್ತದೆ.

"ಹೂಂ, ಅಣ್ಣ ಬಂದಿದ್ದ. ಇಲ್ಲ ಇಲ್ಲ, ಒಂಚೂರೂ ತ್ರಾಸಿಲ್ಲ. ಕೂಸು ತನ್ನಷ್ಟಕ್ಕೆ ತಾನು ಆಡ್ಕಂಡೈತಿ. ಅಣ್ಣ ಪಾಪ ಅಲ್ಲೇ ಬಿದ್ಕಂಡಿದ್ದ, ಅವ್ನಿಗೂ ಚೊಲೋ ನಿದ್ದಿ ಆಗೈತಿ."

ಮೇಜಿನ ಕೆಳಗೆ ಪೊರಕೆ ನಿಂತಿತು. ಬಕ್ಕೇಶ ಪೈಲ್ವಾನನು ಗರ್ಜಿಸಲೆಂದು ಎದೆಯ ತುಂಬ ಗಾಳಿ ತುಂಬಿಕೊಂಡನು. ದಿವಾನದ ಮೇಲೆ ಮಗು ಮಗ್ಗುಲು ಬದಲಿಸಿತು. ಆತನು ತುಂಬಿಕೊಂಡ ಗಾಳಿಯನ್ನು ಮೂಗಿನಿಂದ ನಿಧಾನವಾಗಿ, ಸದ್ದಾಗದಂತೆ ಬಿಟ್ಟು, ಫ್ರಿಜ್ಜಿನ ಹಿಂದೆ ಗುಡಿಸತೊಡಗಿದನು.